ಕಾಡುಕೋಳಿಯ ಗರಿ ಮತ್ತು ಟ್ರೌಟ್ ಮೀನಿನ ಗಾಳ

ಗಾಳಕ್ಕೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಚುಚ್ಚಿ ನೀರಿಗೆ ಬಿಡುವ ಬದಲು, ಗಾಳದ ಮೇಲೆಯೇ ಹಕ್ಕಿಯ ಗರಿ, ಪ್ರಾಣಿಯ ತುಪ್ಪಳ, ರೇಷ್ಮೆಯ ಎಳೆಗಳನ್ನು ಸುತ್ತಿ ಕಟ್ಟಿ, ಅದಕ್ಕೊಂದು ಹುಳುವಿನ ರೂಪ ಬರಿಸಿ, ಮೀನು ಅದನ್ನು ನಿಜವಾದ ಹುಳುವೆಂದೇ ನಂಬಿ ಕಚ್ಚುವಂತೆ ನೀರಿನ ಮೇಲೆ ಹಗುರವಾಗಿ ಇಳಿಸುವ ಕ್ರಮವನ್ನು ಫ್ಲೈ ಫಿಶಿಂಗ್ ಎಂದು ಕರೆಯುತ್ತಾರೆ. ಹಾಗೆ ಕಟ್ಟಿದ ಕೃತಕ ಹುಳುವೇ ಫ್ಲೈ. ಅದನ್ನು ಕಟ್ಟುವುದು ತನ್ನದೇ ಸಲಕರಣೆ, ಪಾಠಕ್ರಮ, ಪಂಥಗಳಿರುವ ಒಂದು ಕೈಕಸುಬು. ತಣ್ಣೀರಿನ ಹೊಳೆಗಳಲ್ಲಿ ಬದುಕುವ ಟ್ರೌಟ್ ಎಂಬ ಮೀನಿನ ಸುತ್ತ ಯುರೋಪಿನಲ್ಲಿ ಬೆಳೆದ ಈ ಕಲೆಗೂ ಕನ್ನಡನಾಡಿನ ಬಯಲುಸೀಮೆಗೂ ಯಾವ ಸಂಬಂಧವೂ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಆ ಹುಳುವನ್ನೂ ಅದನ್ನು ಎಸೆಯುವ ಕೋಲು ದಾರಗಳನ್ನೂ ಬಿಡಿಸಿ, ಒಂದೊಂದು ಅಂಶವೂ ಎಲ್ಲಿಂದ ಬಂತೆಂದು ನೋಡುತ್ತ ಹೋದರೆ, ಘಟ್ಟದ ಕಾಡುಕೋಳಿ, ತೆಂಗಿನ ತೋಟಗಳಲ್ಲಿ ಮೇಯುವ ನವಿಲು, ಭಾರತದ ಬಿದಿರು, ಹಿಪ್ಪುನೇರಳೆ ಸೊಪ್ಪು ತಿನ್ನುವ ರೇಷ್ಮೆಹುಳು ಎಲ್ಲವೂ ಅದರೊಳಗೆ ಸೇರಿಕೊಂಡಿರುವುದು ಕಾಣುತ್ತದೆ. ಟ್ರೌಟ್ ಮೀನಿಗೆ ಈ ನಾಡು ನೆಲೆಯಾಗಲಿಲ್ಲ. ಟ್ರೌಟ್ ಮತ್ತು ಅದರ ಬಳಗದ ಮೀನುಗಳ ಗಾಳಕ್ಕೆ ಬೇಕಾದ ಸಾಮಗ್ರಿಯನ್ನು ಮಾತ್ರ ಧಾರಾಳವಾಗಿ ಕೊಟ್ಟಿತು, ಅದಕ್ಕೆ ಬೆಲೆಯನ್ನೂ ತೆತ್ತಿತು.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಊರುಗಳಲ್ಲಿ ಕೆರೆ ತುಂಬಿದ ವರ್ಷಗಳಲ್ಲಿ ಏರಿಯ ಮೇಲೆ ಕೂತು ಗಾಳ ಹಾಕುವವರು ಬಳಸುವ ಸಲಕರಣೆ ಓದುಗರಿಗೆ ಪರಿಚಿತವೇ: ಬಿದಿರ ಕೋಲು, ನೈಲಾನ್ ದಾರ, ದಾರ ಮುಳುಗದಂತೆ ಒಂದು ಬೆಂಡು ಅಥವಾ ನವಿಲುಗರಿಯ ದಂಟಿನ ತುಂಡು, ಗಾಳ ಕೆಳಗಿಳಿಯುವಂತೆ ಸಣ್ಣ ಸೀಸದ ಗುಂಡು, ತುದಿಯಲ್ಲಿ ಎರೆಹುಳು. ಇಲ್ಲಿ ದಾರವನ್ನು ದೂರಕ್ಕೆ ಒಯ್ಯುವುದು ಸೀಸದ ತೂಕ. ಟ್ರೌಟ್ ತಿನ್ನುವ ಹುಳುಗಳಾದರೋ ಸೊಳ್ಳೆಗಿಂತ ಸ್ವಲ್ಪ ದೊಡ್ಡವು, ಬಹಳವೆಂದರೆ ಸಣ್ಣ ಚಿಟ್ಟೆಯಷ್ಟು. ಅವನ್ನು ಗಾಳಕ್ಕೆ ಚುಚ್ಚಿದರೆ ಹರಿದುಹೋಗುತ್ತವೆ, ಚುಚ್ಚದೆ ಅವುಗಳ ಪ್ರತಿರೂಪವನ್ನು ಕಟ್ಟಿದರೆ ಅದು ಗಾಳಿಗೆ ಹಾರಿಹೋಗುವಷ್ಟು ಹಗುರ. ಸೀಸ ಕಟ್ಟಿದರೆ ಹುಳು ಮುಳುಗುತ್ತದೆ, ಬೆಂಡು ಕಟ್ಟಿದರೆ ತಿಳಿನೀರಿನಲ್ಲಿ ಮೀನು ಬೆದರುತ್ತದೆ. ಫ್ಲೈ ಫಿಶಿಂಗಿನ ಇಡೀ ತಂತ್ರ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಅದಕ್ಕೆ ಕಂಡುಕೊಂಡ ಉಪಾಯವೆಂದರೆ ತೂಕವನ್ನು ಗಾಳದಿಂದ ತೆಗೆದು ದಾರದ ಉದ್ದಕ್ಕೂ ಹರಡುವುದು. ಫ್ಲೈ ದಾರ ಸಾಮಾನ್ಯ ಗಾಳದ ದಾರಕ್ಕಿಂತ ಬಹಳ ದಪ್ಪ. ಟ್ರೌಟ್‌ಗೆ ಹೆಚ್ಚಾಗಿ ಬಳಸುವ 5ನೇ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ, ತುದಿಯ ಹುಳುವಾದರೋ ಅದರ ನೂರರಲ್ಲಿ ಒಂದು ಪಾಲೂ ತೂಗದಿರಬಹುದು. ಬೇಟೆಗಾರ ಕೋಲನ್ನು ಹಿಂದಕ್ಕೆ ಬೀಸಿ ತಟ್ಟನೆ ನಿಲ್ಲಿಸುತ್ತಾನೆ. ಕೋಲು ನಿಂತರೂ ದಾರ ನಿಲ್ಲದೆ ಅವನ ಹಿಂದೆ ಗಾಳಿಯಲ್ಲಿ ಕಿರಿದಾದ ಕುಣಿಕೆಯಾಗಿ ಬಿಚ್ಚಿಕೊಂಡು ನೇರವಾಗುತ್ತದೆ. ನೇರವಾದ ಕ್ಷಣಕ್ಕೆ ಸರಿಯಾಗಿ ಮುಂದಕ್ಕೆ ಬೀಸಿ ಮತ್ತೆ ನಿಲ್ಲಿಸಿದರೆ ಆ ಕುಣಿಕೆ ಮುಂದಕ್ಕೆ ಉರುಳುತ್ತ ಹೋಗಿ, ಶಕ್ತಿಯೆಲ್ಲ ತೀರುವ ಹೊತ್ತಿಗೆ ಹುಳುವನ್ನು ನೀರಿನ ಮೇಲೆ ಇಳಿಸುತ್ತದೆ. ನೇಗಿಲ ಹಿಂದೆ ನಡೆಯುವವನು ಬಾರುಕೋಲು ಬೀಸಿದಾಗ ಹಿಡಿಯಿಂದ ಹೊರಟ ಚಲನೆ ಬಾರಿನ ತುದಿಗೆ ಹೋಗುವ ಬಗೆಯೂ ಇದೇ. ಬಾರು ತುದಿಯಲ್ಲಿ ಸದ್ದು ಮಾಡಬೇಕು, ಫ್ಲೈ ದಾರ ಸದ್ದಿಲ್ಲದೆ ಇಳಿಯಬೇಕು ಎಂಬುದಷ್ಟೇ ವ್ಯತ್ಯಾಸ. ದಪ್ಪ ದಾರ ಮೀನಿನ ಕಣ್ಣಿಗೆ ಬೀಳದಿರಲೆಂದು ದಾರಕ್ಕೂ ಹುಳುವಿಗೂ ನಡುವೆ ಒಂಬತ್ತು ಅಡಿಯ ಆಸುಪಾಸಿನ, ಬುಡದಿಂದ ತುದಿಗೆ ಸಪೂರವಾಗುತ್ತ ಹೋಗುವ ಪಾರದರ್ಶಕ ಎಳೆಯೊಂದನ್ನು ಸೇರಿಸುತ್ತಾರೆ. ಇದನ್ನು ಲೀಡರ್ ಎನ್ನುತ್ತಾರೆ.

ಇಷ್ಟೆಲ್ಲ ಮಾಡಿ ಇಳಿಸುವ ಹುಳು ಯಾವುದರ ಪ್ರತಿರೂಪ? ಟ್ರೌಟ್ ಹೊಳೆಗಳಲ್ಲಿ ಮುಖ್ಯವಾದದ್ದು ಮೇಫ್ಲೈ. ಇದರ ಮರಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ಒಂದೆರಡು ವರ್ಷ, ನೀರಿನ ತಳದ ಕಲ್ಲುಗಳ ಅಡಿಯಲ್ಲಿ ಬದುಕಿ, ಒಂದು ದಿನ ಮೇಲಕ್ಕೆ ಬಂದು ಪೊರೆ ಕಳಚಿ ರೆಕ್ಕೆ ಪಡೆಯುತ್ತದೆ; ರೆಕ್ಕೆ ಬಂದ ಮೇಲೆ ಮತ್ತೊಮ್ಮೆ ಪೊರೆ ಬಿಡುವ ಕೀಟವರ್ಗ ಲೋಕದಲ್ಲಿ ಇದೊಂದೇ. ಪ್ರೌಢ ಮೇಫ್ಲೈಗೆ ಕೆಲಸ ಮಾಡುವ ಬಾಯಿಯೇ ಇಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ನೀರಿನ ಮೇಲೆಯೇ ಸತ್ತು ಬೀಳುತ್ತದೆ. ಮರಳು, ಕಡ್ಡಿಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಗೂಡು ಮಾಡಿಕೊಳ್ಳುವ ಕ್ಯಾಡಿಸ್ ಹುಳು, ಕಲ್ಲು ಹತ್ತಿ ಬಂದು ಪೊರೆ ಬಿಡುವ ಸ್ಟೋನ್‌ಫ್ಲೈ ಇದರ ಜೊತೆಯವು. ಇವು ಯಾವುವೂ ವಿದೇಶಿ ವಿಚಿತ್ರಗಳಲ್ಲ. ಘಟ್ಟದ ತೊರೆಗಳ ಕಲ್ಲು ಎತ್ತಿ ನೋಡಿದರೆ ಇವುಗಳ ಬಂಧುಗಳು ಕಣ್ಣಿಗೆ ಬೀಳುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಗೆದ್ದಲ ಹುತ್ತದಿಂದ ರೆಕ್ಕೆಹುಳುಗಳು ಎದ್ದು ಕೆರೆಯ ಮೇಲೆ ಬಿದ್ದಾಗ ನೀರಿನ ಉದ್ದಗಲಕ್ಕೂ ಮೀನು ಬಾಯಿಟ್ಟು ಉಂಗುರ ಮೂಡಿಸುವುದನ್ನು ಬಯಲುಸೀಮೆಯವರೂ ಕಂಡಿರುತ್ತಾರೆ. ಟ್ರೌಟ್ ಹೊಳೆಯಲ್ಲಿ ಅಂಥ ಸಂಜೆಗಳು ಹಂಗಾಮಿನುದ್ದಕ್ಕೂ ಬರುತ್ತವೆ, ಒಂದೊಂದು ದಿನಕ್ಕೆ ಒಂದೊಂದು ಹುಳು ಏಳುತ್ತದೆ, ಮೀನು ಆ ಹೊತ್ತಿನಲ್ಲಿ ಏಳುತ್ತಿರುವ ಹುಳುವನ್ನು ಬಿಟ್ಟು ಬೇರೆಯದನ್ನು ಕಣ್ಣೆತ್ತಿಯೂ ನೋಡದಿರಬಹುದು. ಹೀಗಾಗಿ ಫ್ಲೈ ಕಟ್ಟುವವನು ಮೊದಲು ಕೀಟಗಳನ್ನು ಓದಬೇಕು.

ಮೀನಿನ ಕಣ್ಣು ನೋಡುವ ಬಗೆಯನ್ನೂ ಅವನು ತಿಳಿಯಬೇಕು. ಗಾಳಿಯಿಂದ ನೀರಿಗೆ ಬರುವ ಬೆಳಕು ಬಾಗುವುದರಿಂದ, ನೀರಿನೊಳಗಿನ ಮೀನಿಗೆ ಹೊರಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯೊಳಗೆ, ಸುಮಾರು 97 ಡಿಗ್ರಿ ಕೋನದಲ್ಲಿ ಅಡಕವಾಗಿ ಕಾಣುತ್ತದೆ. ಆ ಕಿಟಕಿಯ ಆಚೆಗೆ ನೀರಿನ ಮೇಲ್ಮೈ ತಳವನ್ನು ಪ್ರತಿಫಲಿಸುವ ಕನ್ನಡಿ. ತೇಲಿಬರುವ ಹುಳುವಿನ ಕಾಲುಗಳು ನೀರಿನ ಪೊರೆಯನ್ನು ಒತ್ತಿದ ಕಡೆ ಆ ಕನ್ನಡಿಯಲ್ಲಿ ಬೆಳಕಿನ ಚುಕ್ಕೆಗಳು ಮಿನುಗುತ್ತವೆ, ಹುಳು ಕಿಟಕಿಯೊಳಗೆ ಬರುವ ಮೊದಲೇ ಮೀನಿಗೆ ಸಿಗುವ ಸುಳಿವು ಅದು. ಆದ್ದರಿಂದ ತೇಲುವ ಫ್ಲೈಯಲ್ಲಿ ಬಣ್ಣಕ್ಕಿಂತ ಮುಖ್ಯವಾದದ್ದು ಅದು ನೀರಿನ ಮೇಲೆ ನಿಲ್ಲುವ ಭಂಗಿ, ಆ ಭಂಗಿಯನ್ನು ಕೊಡುವುದು ಕೋಳಿಯ ಗರಿ.

ಕಟ್ಟುವ ಕ್ರಮ ಹೀಗಿದೆ. ವೈಸ್ ಎಂಬ ಪುಟ್ಟ ಇಕ್ಕುಳದಲ್ಲಿ ಗಾಳದ ಬಾಗನ್ನು ಕಚ್ಚಿಸಿ, ಗಾಳದ ದಂಟಿಗೆ ಮೇಣ ಸವರಿದ ರೇಷ್ಮೆ ನೂಲನ್ನು ಒತ್ತೊತ್ತಾಗಿ ಸುತ್ತುತ್ತಾರೆ, ಇದು ಅಡಿಪಾಯ. ಹಿಂತುದಿಯಲ್ಲಿ ಗರಿಯ ಮೂರುನಾಲ್ಕು ಎಳೆಗಳನ್ನು ಬಾಲವಾಗಿ ಕಟ್ಟಿ, ಮೊಲದ ತುಪ್ಪಳವನ್ನು ನೂಲಿಗೆ ಹೊಸೆದೋ ನವಿಲುಗರಿಯ ಎಳೆಯನ್ನು ಸುತ್ತಿಯೋ ಮೈ ಮಾಡುತ್ತಾರೆ, ಹುಳುವಿನ ಮೈಯ ಗಿಣ್ಣುಗಳನ್ನು ತೋರಿಸಲು ಸಣ್ಣ ತಂತಿಯನ್ನು ಅಡ್ಡಡ್ಡ ಸುತ್ತುತ್ತಾರೆ, ಬೇಕಾದರೆ ರೆಕ್ಕೆ ನಿಲ್ಲಿಸುತ್ತಾರೆ. ಕೊನೆಗೆ ಹುಂಜದ ಕತ್ತಿನ ಉದ್ದನೆಯ ಗರಿಯೊಂದನ್ನು ತುದಿಯಿಂದ ಕಟ್ಟಿ ಗಾಳದ ಸುತ್ತ ಸುತ್ತಿದಾಗ ಅದರ ಎಳೆಗಳೆಲ್ಲ ನೆಟ್ಟಗೆ ನಿಂತು ಸುತ್ತಲೂ ಕಾಲುಗಳಂತೆ ಚಾಚಿಕೊಳ್ಳುತ್ತವೆ. ಈ ಗರಿಗೆ ಹ್ಯಾಕಲ್ ಎಂದು ಹೆಸರು. ಹುಂಜದ ಗರಿಯ ಎಳೆ ಬಿರುಸು, ನೀರು ಹೀರುವುದಿಲ್ಲ, ಆದ್ದರಿಂದ ತೇಲುವ ಹುಳುವಿಗೆ ಅದೇ ಬೇಕು; ಹೇಂಟೆಯ ಗರಿ ಮೆದು, ನೀರು ಹೀರಿ ಮುಳುಗಿ ಅಲುಗಾಡುತ್ತದೆ, ಆದ್ದರಿಂದ ಮುಳುಗುವ ಹುಳುವಿಗೆ ಅದು. ಗರಿಗಾಗಿಯೇ ಹುಂಜಗಳನ್ನು ತಳಿ ಆಯ್ದು ಸಾಕುವ ಫಾರಂಗಳು ಅಮೆರಿಕದಲ್ಲಿವೆ. ಬಳಸುವ ಗಾಳಗಳು ಎಷ್ಟು ಚಿಕ್ಕವೆಂದರೆ ಎಲ್ಲ ಭಾಗಗಳನ್ನೂ ಕೂಡಿಸಿ ಕಟ್ಟಿದ ಹುಳು ಕಿರುಬೆರಳ ಉಗುರಿನ ಮೇಲೆ ಕೂರುತ್ತದೆ. ಗಾಳದ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಕಿರಿದಾಗುತ್ತದೆಂಬುದು ಹೊಸಬರನ್ನು ಗೊಂದಲಗೊಳಿಸುವ ರೂಢಿ.

ತೇಲುವ ಹುಳುವಷ್ಟೇ ಯೋಗ್ಯವಾದದ್ದು, ಮುಳುಗಿದ ಹುಳು ಬಳಸುವುದು ಕೀಳು ಎಂಬ ವಾದವೂ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಪ್ರಬಲವಾಗಿತ್ತು. 1886ರಲ್ಲಿ ಫ್ರೆಡೆರಿಕ್ ಹಾಲ್ಫೋರ್ಡ್ ಬರೆದ ಗ್ರಂಥ ತೇಲುವ ಹುಳುವನ್ನು ಶಾಸ್ತ್ರವಾಗಿಸಿತು, 1910ರಲ್ಲಿ ಜಿ.ಇ.ಎಂ. ಸ್ಕೂಸ್, ಟ್ರೌಟ್ ತನ್ನ ಆಹಾರದ ಹೆಚ್ಚಿನ ಪಾಲನ್ನು ನೀರಿನೊಳಗೇ ತಿನ್ನುವಾಗ ಮರಿಹುಳುವಿನ ಪ್ರತಿರೂಪವನ್ನು ನೀರಿನ ಮೇಲ್ಮೈಯ ಕೆಳಗೆ ಹರಿಸುವುದೇ ಸಹಜವೆಂದು ಪ್ರತಿಪಾದಿಸಿದ. ಸ್ಕೂಸ್ ಪರವಾಗಿಯೇ ನ್ಯಾಯ ಇರುವಂತೆ ಕಾಣುತ್ತದೆ, ಏಕೆಂದರೆ ಅವನ ವಾದಕ್ಕೆ ಆಧಾರ ಮೀನಿನ ಹೊಟ್ಟೆಯೊಳಗೆ ಕಂಡ ಹುಳುಗಳು.

ನವಿಲುಗರಿಯ ವಿಷಯವನ್ನು ತುಸು ನಿಧಾನವಾಗಿ ನೋಡಬೇಕು. ಕಣ್ಣುಚುಕ್ಕೆಯ ಕೆಳಗಿನ ದಂಟಿನ ಎರಡೂ ಬದಿಗೆ ಹೊರಡುವ ಕಂಚುಹಸಿರು ಎಳೆ ಲೋಕದ ಅತ್ಯಂತ ಹೆಸರುವಾಸಿ ಟ್ರೌಟ್ ಫ್ಲೈಗಳಲ್ಲಿ ಹಲವಕ್ಕೆ ಮೈಯಾಗಿದೆ. ಅದನ್ನು ಸುತ್ತಿದಾಗ ಎಳೆಯ ಮೇಲಿನ ಸೂಕ್ಷ್ಮ ರೋಮಗಳು ನಿಂತು, ಹೊರಳಿದಂತೆಲ್ಲ ಹಸಿರು, ತಾಮ್ರ, ಕಪ್ಪು ಬಣ್ಣಗಳನ್ನು ಬೀರುತ್ತವೆ. ಈ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯೊಳಗೆ ಮೆಲನಿನ್ ಎಂಬ ಕಪ್ಪು ದ್ರವ್ಯದ ಅತಿಸೂಕ್ಷ್ಮ ಕಡ್ಡಿಗಳು ಜಾಲರಿಯಾಗಿ ಜೋಡಣೆಗೊಂಡಿದ್ದು, ಅವುಗಳ ನಡುವಿನ ಅಂತರಕ್ಕೆ ಅನುಗುಣವಾಗಿ ಬೆಳಕಿನ ಒಂದೊಂದು ಬಣ್ಣ ಹಿಂದಿರುಗುತ್ತದೆ. ಗರಿಗಳ ಇಂಥ ಬಣ್ಣದ ಮೂಲವನ್ನು ಕುರಿತು ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಇಂದು ಕರ್ನಾಟಕದ ರಾಜ್ಯಪಕ್ಷಿಯಾಗಿರುವ ನೀಲಕಂಠದ ಗರಿಗಳನ್ನು ಪರೀಕ್ಷಿಸಿ ಪ್ರಬಂಧ ಬರೆದಿದ್ದರು ಎಂಬುದನ್ನು ಇಲ್ಲಿ ನೆನೆಯುವುದು ತಕ್ಕದ್ದು. ತಾನಾಗಿ ಉದುರಿದ ನವಿಲುಗರಿಯ ಮಾರಾಟಕ್ಕೆ ದೇಶದೊಳಗೆ ಕಾನೂನು ವಿನಾಯಿತಿ ಕೊಟ್ಟಿದೆ, ರಫ್ತಿಗೆ ಮಾತ್ರ ನಿಷೇಧವಿದೆ. ಹೊರದೇಶಗಳ ಫ್ಲೈ ಕಟ್ಟುವವರು ಸಾಕಿದ ನವಿಲುಗಳ ಗರಿಯನ್ನು ಅವಲಂಬಿಸಬಹುದು, ಏಕೆಂದರೆ ನವಿಲು ಸಾಕಣೆಗೆ ಸುಲಭವಾಗಿ ಒಗ್ಗುತ್ತದೆ.

ಕಾಡುಕೋಳಿಯ ಕಥೆ ಅಷ್ಟು ಸುಲಭದ್ದಲ್ಲ. ಬೂದುಬಣ್ಣದ ಕಾಡುಕೋಳಿ ಭಾರತದ ಪರ್ಯಾಯ ದ್ವೀಪವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಮಲೆನಾಡಿನಲ್ಲಿ ಬೆಳಗಿನ ಜಾವ ಕೇಳುವ ಒಡಕು ಕೂಗು ಅದರದು. ಹುಂಜದ ಕತ್ತಿನ ಪ್ರತಿಯೊಂದು ಗರಿಯ ತುದಿಯಲ್ಲೂ ಕಪ್ಪು ಹಿನ್ನೆಲೆಯ ಮೇಲೆ ಮೇಣದ ಹನಿಯಂಥ, ಹಳದಿ ಬೆರೆತ ಬಿಳಿಯ ಗಟ್ಟಿ ಚುಕ್ಕೆಯಿರುತ್ತದೆ. ಈ ಚುಕ್ಕೆ ಗರಿಯ ಎಳೆಗಳೇ ಬೆಸೆದುಕೊಂಡು ಹಾಳೆಯಂತೆ ಆದದ್ದು. ನೀರಿನಲ್ಲಿ ನೆನೆದರೂ ಅದರ ಹೊಳಪು ಮಾಸುವುದಿಲ್ಲ. ಮುಳುಗುವ ಫ್ಲೈಯ ತಲೆಯ ಎರಡೂ ಬದಿಗೆ ಇಂಥ ಒಂದೊಂದು ಗರಿ ಕಟ್ಟಿದರೆ ಅದು ಕಿರುಮೀನಿನ ಕಣ್ಣಿನಂತೆ ಕಾಣುತ್ತದೆ. 19ನೆಯ ಶತಮಾನದ ನಡುವಿನ ಹೊತ್ತಿಗೆ ಟ್ರೌಟ್‌ನ ಹತ್ತಿರದ ಬಂಧುವಾದ ಸಾಲ್ಮನ್ ಮೀನಿಗಾಗಿ ಬ್ರಿಟನ್ನಿನಲ್ಲಿ ಕಟ್ಟುತ್ತಿದ್ದ ಆಡಂಬರದ ಫ್ಲೈಗಳಲ್ಲಿ ಈ ಗರಿ ಅನಿವಾರ್ಯವೆಂಬಷ್ಟು ಬೇರೂರಿತು. ಆ ಪೈಕಿ ಅತ್ಯಂತ ಪ್ರಸಿದ್ಧವಾದ ಜಾಕ್ ಸ್ಕಾಟ್ ಎಂಬ ಫ್ಲೈ ಕಾಡುಕೋಳಿಯ ಗರಿಯಿಲ್ಲದೆ ಪೂರ್ತಿಯಾಗುವುದಿಲ್ಲ. ಹೀಗೆ ಕತ್ತಿನ ತೊಗಲು ಸಮೇತ ಸುಲಿದ ಗರಿಗಳು ಹಡಗೇರಿದವು. ಒಂದು ಫ್ಲೈಗೆ ಬೇಕಾದದ್ದು ಎರಡೇ ಗರಿ, ಆದರೆ ಆ ಎರಡಕ್ಕಾಗಿ ಹಕ್ಕಿ ಸಾಯಲೇಬೇಕು.

1902ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ಕಾಡುಹಕ್ಕಿಗಳ ಗರಿ ಮತ್ತು ತೊಗಲುಗಳ ರಫ್ತನ್ನು ನಿಷೇಧಿಸಿತು. ಹೆಂಗಸರ ಟೋಪಿಗೆ ಸಿಕ್ಕಿಸುವ ಗರಿಗಾಗಿ ನಡೆಯುತ್ತಿದ್ದ ಹಕ್ಕಿಗಳ ಕೊಲೆ ಅದರ ಮುಖ್ಯ ಕಾರಣ, ಫ್ಲೈ ಕಟ್ಟುವವರ ಬೇಡಿಕೆ ಅದರ ಪಕ್ಕದ ಸಣ್ಣ ತೊರೆ. ಬ್ರಿಟನ್ನಿನಲ್ಲಿ ಗರಿಗಳ ಆಮದಿಗೆ ತಡೆ ಬಂದದ್ದು 1921ರ ಶಾಸನದಿಂದ. ಸ್ವತಂತ್ರ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೂದು ಕಾಡುಕೋಳಿಗೆ ರಕ್ಷಣೆ ಕೊಟ್ಟಿತು. ಇಂದು ಹೊರದೇಶಗಳಲ್ಲಿ ಸಾಕಿದ ಹಕ್ಕಿಗಳ ಗರಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚುಹಾಕಿದ ನಕಲು ಚುಕ್ಕೆಗಳೂ ದೊರೆಯುತ್ತವೆ. ಅಪರೂಪದ ಗರಿಯ ಮೋಹ ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ 2009ರ ಜೂನ್‌ನಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬಲ್ಲಿರುವ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಿಂದ 299 ಹಕ್ಕಿ ತೊಗಲುಗಳು ಕಳವಾದದ್ದು ಸಾಕ್ಷಿ. ಕದ್ದದ್ದು ಫ್ಲೈ ಕಟ್ಟುವುದರಲ್ಲಿ ನಿಪುಣನಾಗಿದ್ದ ಸಂಗೀತ ವಿದ್ಯಾರ್ಥಿ, ಕದ್ದ ಉದ್ದೇಶ ವಿಕ್ಟೋರಿಯಾ ಕಾಲದ ಫ್ಲೈಗಳಿಗೆ ಬೇಕಾದ ಗರಿ. ಶತಮಾನದ ಹಿಂದೆ ಸಂಗ್ರಹಿಸಿದ, ವಿಜ್ಞಾನಕ್ಕೆ ಮತ್ತೆ ಸಿಗದ ಮಾದರಿಗಳು ಅದರಲ್ಲಿದ್ದವು. ಮೀನಿಗೆ ಆ ಗರಿಯೇ ಬೇಕೆಂಬ ಹಟವಿಲ್ಲ, ಹಟವಿರುವುದು ಕಟ್ಟುವವನಿಗೆ ಎಂಬುದನ್ನು ಈ ಕಸುಬಿನ ಒಳಗಿನವರೇ ಒಪ್ಪುತ್ತಾರೆ. ಬೂದು ಕಾಡುಕೋಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ನಾಟಿಕೋಳಿ ಸಾಕುವವರು ತಿಳಿದಿರಬೇಕು: ಊರುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಕೋಳಿಗಳ ಹಳದಿ ಕಾಲು, ಹಳದಿ ತೊಗಲಿಗೆ ಕಾರಣವಾದ ವಂಶವಾಹಿ ಬಂದದ್ದು ದಕ್ಷಿಣದ ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಲೀಡರ್ ಎಂಬ ಸಪೂರ ಎಳೆ ನೈಲಾನ್ ಬರುವ ಮುಂಚೆ ಯಾವುದರಿಂದ ಆಗುತ್ತಿತ್ತೆಂಬುದು ರೇಷ್ಮೆ ಬೆಳೆಯುವ ನಾಡಿನವರಿಗೆ ಆಶ್ಚರ್ಯ ತರುವಂಥದ್ದು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವನ್ನು ವಿನೆಗರ್‌ನಲ್ಲಿ ನೆನೆಹಾಕಿ, ಅದರ ಮೈಯನ್ನು ಸೀಳಿ, ಒಳಗಿನ ಎರಡು ರೇಷ್ಮೆ ಗ್ರಂಥಿಗಳನ್ನು ಹೊರತೆಗೆದು, ಒಂದೊಂದನ್ನೂ ಎರಡು ತುದಿ ಹಿಡಿದು ಒಂದೇ ಸಲಕ್ಕೆ ಜಗ್ಗಿದರೆ, ಸಾವಿರಾರು ಅಡಿ ನೂಲಾಗಬೇಕಿದ್ದ ದ್ರವ್ಯವೆಲ್ಲ ಒಂದೂವರೆ ಅಡಿಗೆ ಮೀರದ, ಗಾಜಿನಂತೆ ಹೊಳೆಯುವ ಗಟ್ಟಿ ಎಳೆಯಾಗಿ ನಿಲ್ಲುತ್ತಿತ್ತು. ಸ್ಪೇನಿನ ಮುರ್ಸಿಯಾ ಪ್ರಾಂತ ಈ ಉದ್ಯಮಕ್ಕೆ ಹೆಸರಾಗಿತ್ತು. ಇಂಥ ತುಂಡುಗಳನ್ನು ಒಂದಕ್ಕೊಂದು ಗಂಟುಹಾಕಿ ಲೀಡರ್ ಮಾಡಿ, ಒಣಗಿದ್ದಾಗ ಅದು ಪೆಡಸಾಗಿ ಮುರಿಯುವುದರಿಂದ ಬಳಸುವ ಮುಂಚೆ ನೀರಿನಲ್ಲಿ ನೆನೆಸಿಡುತ್ತಿದ್ದರು. ರಾಮನಗರ, ಶಿಡ್ಲಘಟ್ಟಗಳ ಮಾರುಕಟ್ಟೆಗೆ ಬರುವ ಗೂಡಿನೊಳಗಿನ ಹುಳುವೂ ಆ ಹುಳುವೂ ಒಂದೇ ಜಾತಿ. ಎಸೆಯುವ ದಪ್ಪ ದಾರವೂ ಹೆಣೆದ ರೇಷ್ಮೆಯದೇ ಆಗಿತ್ತು. ಅಗಸೆ ಎಣ್ಣೆ ಕುಡಿಸಿ ಹದಗೊಳಿಸಿದ ಆ ದಾರವನ್ನು ಪ್ರತಿ ಸಂಜೆ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. 1938ರಲ್ಲಿ ನೈಲಾನ್ ಲೋಕಕ್ಕೆ ಪ್ರಕಟವಾದ ಮೇಲೆ ರೇಷ್ಮೆಗ್ರಂಥಿಯ ಎಳೆ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಕೋಲಿನ ಕಥೆ ಚಿಕ್ಕದು: 19ನೆಯ ಶತಮಾನದಲ್ಲಿ ಅಮೆರಿಕದ ಕುಶಲಕರ್ಮಿಗಳು ಬಿದಿರನ್ನು ಸೀಳಿ, ಆರು ಸೀಳುಗಳ ಅಂಚನ್ನು ಓರೆಯಾಗಿ ಕೆತ್ತಿ, ಅಂಟಿಸಿ, ಟೊಳ್ಳಿಲ್ಲದ ಷಟ್ಕೋನದ ಕೋಲು ಮಾಡುವುದನ್ನು ರೂಢಿಗೆ ತಂದಾಗ ಬಳಸಿದ್ದು ಕಲ್ಕತ್ತೆಯ ಬಂದರಿನಿಂದ ಹೋಗುತ್ತಿದ್ದ ಭಾರತದ ಬಿದಿರು, ಅನಂತರ ಚೀನಾದ ಬಿದಿರು, ಗಾಜಿನ ನಾರು, 1970ರ ದಶಕದಿಂದ ಕಾರ್ಬನ್ ನಾರು ಅದರ ಜಾಗಕ್ಕೆ ಬಂದವು.

ಸಾಮಗ್ರಿ ಹೋದ ದಾರಿಯಲ್ಲೇ ಮೀನು ತಿರುಗಿ ಬಂತು. ಟ್ರೌಟ್‌ಗೆ ಬೇಕಾದದ್ದು 10ರಿಂದ 18 ಡಿಗ್ರಿ ಸೆಲ್ಸಿಯಸ್‌ನ ನೀರು. 25 ಡಿಗ್ರಿ ಸಮೀಪಿಸಿದರೆ ಅದು ಕಂಗೆಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಬಯಲುಸೀಮೆಯ ಕೆರೆಯಲ್ಲಿ ಕಾಟ್ಲಾ, ರೋಹು, ಗೆಂಡೆ ಬದುಕುತ್ತವೆ, ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಕೊರವನ ಮೀನು ಕೆಸರಿನಲ್ಲೂ ಬದುಕುತ್ತದೆ, ಟ್ರೌಟ್ ಒಂದು ಬೇಸಗೆಯನ್ನೂ ದಾಟುವುದಿಲ್ಲ. ಆದ್ದರಿಂದ ದಕ್ಷಿಣದಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಆರೂವರೆ ಏಳು ಸಾವಿರ ಅಡಿ ಎತ್ತರದ ನೀಲಗಿರಿ ಮತ್ತು ಮುನ್ನಾರಿನಂಥ ಗಿರಿನೆತ್ತಿಗಳಲ್ಲಿ ಮಾತ್ರ. ಕನ್ನಡಕ್ಕೆ ತೀರ ಹತ್ತಿರದ ನುಡಿಯನ್ನಾಡುವ, ಮೈಸೂರು ಸೀಮೆಯಿಂದ ಬಂದವರೆಂದು ತಮ್ಮ ಪರಂಪರೆಯಲ್ಲಿ ಹೇಳಿಕೊಳ್ಳುವ ಬಡಗರು ನೆಲೆಸಿರುವ ಆ ಬೆಟ್ಟಗಳಿಗೆ 1860ರ ದಶಕದಲ್ಲಿಯೇ ಟ್ರೌಟ್ ತರುವ ಯತ್ನಗಳು ನಡೆದು ಸೋತವು. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಅವರ ಮುತುವರ್ಜಿಯಲ್ಲಿ ಅವಲಾಂಚ್ ಎಂಬಲ್ಲಿ ಮೊಟ್ಟೆ ಮರಿಮಾಡುವ ಕೇಂದ್ರ ನೆಲೆಗೊಂಡ ಮೇಲೆ ಮಳೆಬಿಲ್ಲು ಟ್ರೌಟ್ ಅಲ್ಲಿನ ತೊರೆಗಳಲ್ಲಿ ಬೇರೂರಿತು. ಕಾಶ್ಮೀರಕ್ಕೆ ಸ್ಕಾಟ್ಲೆಂಡಿನ ಕಂದು ಟ್ರೌಟ್ ಬಂದದ್ದು 1900ರಲ್ಲಿ. ನೀಲಗಿರಿಯಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆಂದು 1879ರಷ್ಟು ಹಿಂದೆಯೇ ಪ್ರತ್ಯೇಕ ಕಾಯ್ದೆ ಇತ್ತು. ಇಷ್ಟು ಮಮತೆಯಿಂದ ತಂದ ಮಳೆಬಿಲ್ಲು ಟ್ರೌಟ್ ಮತ್ತು ಕಂದು ಟ್ರೌಟ್ ಎರಡನ್ನೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಲೋಕದ ಅತಿ ಹಾನಿಕರ 100 ಅನ್ಯ ಜೀವಿಗಳ ಪಟ್ಟಿಯಲ್ಲಿ ಸೇರಿಸಿದೆ, ಏಕೆಂದರೆ ಅವು ಬಿಟ್ಟ ಕಡೆಯಲ್ಲೆಲ್ಲ ಸ್ಥಳೀಯ ಕಿರುಮೀನು, ಗೊದಮೊಟ್ಟೆಗಳನ್ನು ತಿಂದು ಮುಗಿಸುವ ಬೇಟೆಗಾರ ಮೀನುಗಳು.

ಹುಳುವಿನ ವೇಷ ಹಾಕಿದ ಗಾಳ ಯುರೋಪಿನಲ್ಲಿ ಬಹಳ ಹಳೆಯದು; ಕ್ರಿ.ಶ. 200ರ ಆಸುಪಾಸಿನಲ್ಲಿ ರೋಮಿನ ಈಲಿಯನ್, ಮ್ಯಾಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಹುಂಜದ ಎರಡು ಗರಿ ಕಟ್ಟಿ ಹೊಳೆಮೀನು ಹಿಡಿಯುವುದನ್ನು ದಾಖಲಿಸಿದ್ದಾನೆ. ಇಂಗ್ಲಿಷಿನಲ್ಲಿ ಗಾಳದ ಮೊದಲ ಮುದ್ರಿತ ಕೈಪಿಡಿ ಬಂದದ್ದು 1496ರಲ್ಲಿ, ಅದರಲ್ಲಿ 12 ಬಗೆಯ ಫ್ಲೈಗಳ ವಿವರವಿದೆ. ಅದಕ್ಕಿಂತ ಮೂರೂವರೆ ಶತಮಾನ ಮುಂಚೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, 1130ರ ಸುಮಾರಿನಲ್ಲಿ, ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವನ್ನೇ ಗಾಳದ ಬೇಟೆಗೆ ಮೀಸಲಿಟ್ಟಿದ್ದಾನೆ. ಮೀನುಗಳನ್ನು ಕಡಲಿನವು, ಸಿಹಿನೀರಿನವು, ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂದು ವಿಂಗಡಿಸಿ, ಯಾವ ಮೀನು ಯಾವ ಆಹಾರಕ್ಕೆ ಬರುತ್ತದೆ, ಕೋಲು ದಾರಗಳು ಹೇಗಿರಬೇಕು ಎಂಬುದನ್ನು ಅದು ಹೇಳುತ್ತದೆ. ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ವಿವರವಾದ ವಿಶ್ಲೇಷಣೆ ಪ್ರಕಟಿಸಿದರು. ಅಲ್ಲಿರುವುದು ಕಟ್ಟಿದ ಹುಳುವಲ್ಲ, ನಿಜವಾದ ಆಹಾರ. ಆದರೆ ಮೀನಿನ ಊಟವನ್ನು ತಿಳಿದವನಿಗಷ್ಟೇ ಮೀನು ಎಂಬ ತತ್ತ್ವ ಎರಡು ಕಡೆಯೂ ಒಂದೇ, ಬಸವಕಲ್ಯಾಣದ ನೆಲದಲ್ಲಿ ಅದು ಶಾಸ್ತ್ರದ ರೂಪ ಪಡೆದದ್ದು ಕನ್ನಡಿಗರು ಇನ್ನೂ ಹೆಚ್ಚು ಓದಿಕೊಳ್ಳಬೇಕಾದ ಸಂಗತಿ.

ಕರ್ನಾಟಕದ ಹೊಳೆಗಳಲ್ಲಿ ಟ್ರೌಟ್‌ನ ಸ್ಥಾನದಲ್ಲಿರುವುದು ಮಹಶೀರ್. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬೇಟೆಯನ್ನು ಕುರಿತು ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಮಹಶೀರ್ ಕಿರುಮೀನು, ಏಡಿಗಳನ್ನಷ್ಟೇ ಅಲ್ಲದೆ ದಡದ ಮರಗಳಿಂದ ಉದುರುವ ಹಣ್ಣುಗಳನ್ನೂ ತಿನ್ನುತ್ತದೆಂಬುದನ್ನು ಅವನು ಗಮನಿಸಿ ಬರೆದ. 1946ರಲ್ಲಿ ಮೈಸೂರಿನ ಹೆಸರಾಂತ ಚರ್ಮಪ್ರಸಾಧಕ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ 54 ಕಿಲೋ ತೂಗಿತು. ಕಾವೇರಿ ತೀರದ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಈ ಮೀನಿಗೆ ಗಾಳಕ್ಕೆ ಹಾಕುತ್ತಿದ್ದದ್ದು ಗರಿಯ ಹುಳುವನ್ನಲ್ಲ, ತುಮಕೂರು ಜಿಲ್ಲೆಯ ಪ್ರತಿ ಅಡುಗೆಮನೆಯಲ್ಲಿ ಬೇಯುವ ರಾಗಿಹಿಟ್ಟಿನ ಮುದ್ದೆಯನ್ನು. ಗಟ್ಟಿಯಾಗಿ ಬೇಯಿಸಿ ನಾದಿದ ಆ ಮುದ್ದೆ ರಭಸದ ನೀರಿನಲ್ಲೂ ಗಾಳದಿಂದ ಕಳಚುತ್ತಿರಲಿಲ್ಲ. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಉಸ್ತುವಾರಿಯಲ್ಲಿರುವ ವಾಲ್ನೂರಿನ ಕಾವೇರಿ ಪಾತ್ರದಲ್ಲಿ ಹಿಡಿದ ಮಹಶೀರನ್ನು ನೀರಿಗೇ ಬಿಡಬೇಕೆಂಬ ನಿಯಮವಿದೆ, ಅಲ್ಲಿಗೆ ಫ್ಲೈ ಕಟ್ಟಿಕೊಂಡು ಬರುವವರೂ ಇದ್ದಾರೆ. ಬಿಡುವ ಮೀನಿನ ಮಟ್ಟಿಗೆ ಫ್ಲೈಗೆ ಒಂದು ಗುಣವಿದೆ: ತಿನ್ನುವ ಆಹಾರವನ್ನು ಮೀನು ಗಂಟಲಿಗಿಳಿಸುವುದರಿಂದ ಗಾಳ ಆಳಕ್ಕೆ ನಾಟಿ ಅದು ಸಾಯುವ ಸಂಭವ ಹೆಚ್ಚು, ರುಚಿಯಿಲ್ಲದ ಗರಿಯ ಹುಳುವನ್ನು ಅದು ಕೂಡಲೇ ಉಗುಳಲು ಹೋಗುವುದರಿಂದ ಗಾಳ ತುಟಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಗಾಳದ ಹಿಮ್ಮುಳ್ಳನ್ನು ಅದುಮಿಬಿಟ್ಟಿದ್ದರೆ ಕ್ಷಣಾರ್ಧದಲ್ಲಿ ಬಿಡಿಸಬಹುದು.

ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಬೇಟೆಗಾರರು ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ಪುಸ್ತಕಗಳನ್ನು ಪರಿಶೀಲಿಸಿದಾಗ, ಕಾವೇರಿಗೆ ಹೊರಗಿನಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಶೀರ್ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕಾಣೆಯಾಗುತ್ತ ಬಂದದ್ದು ಸ್ಪಷ್ಟವಾಯಿತು. ನೂರೈವತ್ತು ವರ್ಷ ಬೇಟೆಗಾರರ ಬಾಯಲ್ಲಿ ಮೆರೆದ ಆ ಮೀನಿಗೆ ಟೋರ್ ರೆಮದೇವಿಯೈ ಎಂಬ ವೈಜ್ಞಾನಿಕ ಗುರುತು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ತೀರ ಸಮೀಪಿಸಿದ ಜೀವಿಗಳ ಪಟ್ಟಿಗೂ ಸೇರಿತು. ಅದರ ಉಳಿದ ಮುಖ್ಯ ನೆಲೆ ಮೋಯಾರ್ ಹೊಳೆ. ಮೋಯಾರ್‌ನ ಮೇಲ್ಭಾಗದ ಹೆಸರು ಪೈಕಾರ. ಅದು ಹುಟ್ಟುವುದು ನೀಲಗಿರಿಯ ಮುಕುರ್ತಿ ಶಿಖರದ ಬಳಿ, ಹಡಗಿನಲ್ಲಿ ಬಂದ ಟ್ರೌಟ್‌ಗಾಗಿ ಮರಿಕೇಂದ್ರವನ್ನೂ ಕಾವಲನ್ನೂ ಏರ್ಪಡಿಸಿದ ಅದೇ ಗಿರಿನೆತ್ತಿಯಲ್ಲಿ. ಅಂಥ ಮರಿಕೇಂದ್ರವೂ ಅಂಥ ಕಾವಲೂ ಈಗ ಅದೇ ನೀರಿನ ಕೆಳಪಾತ್ರದಲ್ಲಿ ಗೂನುಬೆನ್ನಿನ ಮಹಶೀರಿಗೆ ಬೇಕಾಗಿವೆ.